ಮನಿ ಟೈಮು, ಊರ ಟೈಮು

ನಮ್ಮ ಮನೆಯಲ್ಲಿ ಯಾರಾದರೂ ಗಂಟೆ ಹೇಳಿದರೆ ಕೇಳಿದವರು ಮತ್ತೊಂದು ಪ್ರಶ್ನೆ ಹಾಕುತ್ತಾರೆ: “ಮನಿ ಟೈಮೋ, ಊರ ಟೈಮೋ?”

ಪಡಸಾಲೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಅಜ್ಜ ಖಾಸಿಂಸಾಬ ಗಾದಿ ಹೊಲಿಯಲು ಡಂಬಳದ ಕಡೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದೇ ವಾರ ಮೂರು ಸಲ ಬೆಳಗಿನ ಬಸ್ಸು ತಪ್ಪಿತಂತೆ. ಮೂರನೆಯ ದಿನ ಸಿಟ್ಟಿನಿಂದ ಸ್ಟೂಲು ಹತ್ತಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಈಗ ಅಜ್ಜನಿಗೆ ಹಿಡಿಯಬೇಕಾದ ಬಸ್ಸು ಯಾವುದೂ ಇಲ್ಲ, ಆದರೂ ಮುಳ್ಳನ್ನು ಹಿಂದಕ್ಕೆ ತರಲು ಯಾರೂ ಹೋಗಲಿಲ್ಲ. ಗಡಿಯಾರ ಹಳತಾಗಿ ಹೊಸದು ಬಂದಾಗ ಅದಕ್ಕೂ ಹತ್ತು ನಿಮಿಷ ಮುಂದೆ ಇಟ್ಟೇ ಮೊಳೆಗೆ ಹಾಕಿದರು. ನೋಡಿದ ಕೂಡಲೇ ಹತ್ತು ಕಳೆಯುವುದು ನಮಗೆಲ್ಲ ಉಸಿರಾಟದಷ್ಟು ರೂಢಿ. ಕಳೆಯುತ್ತಿದ್ದೇವೆ ಎಂಬುದೇ ತಿಳಿಯದಷ್ಟು.

ಅಪ್ಪ ಅಮ್ಮ ಲಕ್ಷ್ಮೇಶ್ವರದಲ್ಲಿ ಗಾದಿ ಅಂಗಡಿ ನಡೆಸುತ್ತಾರೆ. ನಾನು ನಾಗಾವಿಯಲ್ಲಿ ಓದು ಮುಗಿಸಿ, ಗದಗಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತ, ಬೆಟಗೇರಿಯಲ್ಲಿ ಅಜ್ಜ ಮತ್ತು ಅಜ್ಜಿಯ ಜೊತೆ ಇದ್ದೇನೆ. ಅಜ್ಜಿ ಅಮೀನಬಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿಗೆ ಕಿವಿ ಕೇಳುವುದಿಲ್ಲ. ಅದು ಒಂದು ದಿನದಲ್ಲಿ ಆದದ್ದಲ್ಲ. ಮೊದಲು ಹೊರಗಿನ ಗುಬ್ಬಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನಮ್ಮ ಮಾತು. ಎಲ್ಲಕ್ಕಿಂತ ಕಡೆಗೆ ಮಸೀದಿಯ ಆಜಾನ್ ಹೋಯಿತು. ಕಿವಿಗೆ ಹಾಕುವ ಯಂತ್ರ ತಂದರೆ ನಾಲ್ಕು ದಿನ ಹಾಕಿಕೊಂಡು ತೆಗೆದಿಟ್ಟಳು. “ಒಳಗ ಹತ್ತಿ ತುಂಬಿದಂಗ ಇತ್ತು, ಬೇಷಿತ್ತು. ಇದನ್ನ ಹಾಕ್ಕೊಂಡ್ರ ಹತ್ತ್ಯಾಗ ಜೇನ್ಹುಳ ಬಿಟ್ಟಂಗ ಆಗ್ತೈತಿ” ಎಂದಳು. ನಮ್ಮ ಜೊತೆ ಮಾತಾಡುವಾಗ ತುಟಿ ನೋಡುತ್ತಾಳೆ. ಉಳಿದ ಹೊತ್ತು ತನ್ನ ಪಾಡಿಗೆ ಕೂತಿರುತ್ತಾಳೆ. ಅವಳು ಕೂತಿರುವ ರೀತಿಯನ್ನು ನಾನು ಎಷ್ಟೋ ಸಂಜೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅಲ್ಲಿ ಏನೂ ನಡೆಯುತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಅದು ನನ್ನ ತಪ್ಪು ಎಂದು ತಿಳಿಯಲು ಈ ವರ್ಷದ ರಂಜಾನ್ ಬರಬೇಕಾಯಿತು.

ಹೋದ ವರ್ಷದ ರಂಜಾನಿನಲ್ಲಿ ಒಂದು ದಿನ ಹೀಗಾಯಿತು. ಅಜ್ಜ ರೋಜಾ ಬಿಡಲು, ಅಂದರೆ ದಿನದ ಉಪವಾಸ ಮುಗಿಸಲು, ಮಸೀದಿಗೆ ಹೋಗಿದ್ದ. ನಾನಿನ್ನೂ ಕೆಲಸದಿಂದ ಬಂದಿರಲಿಲ್ಲ. ಆಯಿ ಖಜೂರದ ತಾಟು ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಪಕ್ಕದ ನೇಕಾರರ ಮನೆಯ ದ್ರಾಕ್ಷಾಯಣಿ ಕಾಕು ಅಂದು ಯಾಕೋ ಮಗ್ಗದಿಂದ ಬೇಗ ಎದ್ದು ಬಾಗಿಲ ದೀಪ ಹಾಕಿದಳು. ಹೊತ್ತು ಮುಳುಗಿತು ಎಂದುಕೊಂಡು ಆಯಿ ಖಜೂರ ಬಾಯಿಗಿಟ್ಟಳು. ನಾನು ಹೊಸ್ತಿಲು ದಾಟುವಾಗ ಆಜಾನ್ ಶುರುವಾಯಿತು. ನಾನು ಮೈಕಿನ ಕಡೆ ತಿರುಗಿದ್ದನ್ನು ಆಯಿ ನೋಡಿದಳು, ಆಮೇಲೆ ತಾಟಿನಲ್ಲಿದ್ದ ಬೀಜ ನೋಡಿದಳು. ಹೊತ್ತಿಗೆ ಮುಂಚೆ ಬಿಟ್ಟ ರೋಜಾ ರೋಜಾ ಅಲ್ಲ. ಹಬ್ಬವಾದ ಮೇಲೆ ಅದರ ಬದಲಿಗೆ ಇನ್ನೊಂದು ಹಿಡಿದಳು, ಆ ಉರಿಬಿಸಿಲಲ್ಲಿ. ಎಪ್ಪತ್ತಾರು ವರ್ಷ ಅವಳಿಗೆ. ನನಗೆ ಹೆಚ್ಚು ಕಷ್ಟವಾದದ್ದು ನಡುವಿನ ದಿನಗಳು. ಅಂದಿನಿಂದ ಯಾರಾದರೂ ಬಂದು ಹೆಗಲು ಮುಟ್ಟುವ ತನಕ ಅವಳು ತಾಟಿಗೆ ಕೈ ಹಾಕುತ್ತಿರಲಿಲ್ಲ. ಒಂದು ದಿನ ನಾನು ಬಂದಾಗ ಊರೆಲ್ಲ ಉಂಡು ಮುಗಿಸಿತ್ತು, ಆಯಿ ಒಣಗಿದ ತುಟಿಯಲ್ಲಿ ಕೂತಿದ್ದಳು.

“ಯಾರರೆ ಹೆಗಲ ಮುಟ್ಟಿದ್ರನ ನಾ ತಿನ್ನೂದನು?” ಎಂದಳು ಅಂದು. “ಕೂಸೇನು ನಾ?”

ಈ ವರ್ಷ ಹಾಗಾಗಲು ಬಿಡುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ನನ್ನ ಹಳೆಯ ಫೋನೊಂದಿತ್ತು, ಸಿಮ್ ಇಲ್ಲದ್ದು. ಅದಕ್ಕೊಂದು ವೆಬ್ ಪುಟ ಬರೆದೆ. ಪುಟದಲ್ಲಿ ಅಕ್ಷರವಿಲ್ಲ, ಬರೀ ಬಣ್ಣ. ಹಗಲೆಲ್ಲ ಕೆಂಪು, ರೋಜಾ ಬಿಡುವ ಹೊತ್ತಾದರೆ ಹಸಿರು. ಮಸೀದಿಯವರು ಹಂಚಿದ ಕಾರ್ಡಿನ ಅಂಕಿ ಆಯಿಯ ಕಣ್ಣಿಗೆ ತೀರ ಸಣ್ಣ; ಅದನ್ನು ನಾನು ನೋಡಿ ಇಡೀ ತಿಂಗಳ ಹೊತ್ತುಗಳನ್ನು ಅದರೊಳಗೆ ತುಂಬಿದೆ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ್ದರಿಂದ ಪುಟವನ್ನು ಫೋನಿನೊಳಗೇ ಉಳಿಸಿ, ಒಂದು ಗುರುತು ಒತ್ತಿದರೆ ತೆರೆಯುವಂತೆ ಮಾಡಿ, ಗಡಿಯಾರದ ಎದುರಿನ ಗೂಡಿನಲ್ಲಿ ಚಾರ್ಜರಿಗೆ ಸಿಕ್ಕಿಸಿಟ್ಟೆ.

ತೆರೆದ ಪುಟ ತಾನಾಗಿ ಬದಲಾಗುವುದಿಲ್ಲ. ಅದು ಮತ್ತೆ ಹೊಸದಾಗಿ ತೆರೆದುಕೊಳ್ಳಬೇಕು, ಆಗ ಹೊತ್ತು ನೋಡಿ ಬಣ್ಣ ಹಾಕುತ್ತದೆ. ಮೊದಲು ನಿಮಿಷಕ್ಕೊಮ್ಮೆ ತೆರೆದುಕೊಳ್ಳುವಂತೆ ಬರೆದಿದ್ದೆ. ತೆರೆದುಕೊಳ್ಳುವಾಗೆಲ್ಲ ಪರದೆ ಒಂದು ಕ್ಷಣ ಬೆಳ್ಳಗಾಗುತ್ತಿತ್ತು. ಆಯಿ ಅರ್ಧ ಗಂಟೆ ಸಹಿಸಿದಳು.

“ನೂರೀ, ಇದು ನಂಗ ಕಣ್ಣ ಹೊಡಿತೈತಿ ಏನವಾ? ಈ ವಯಸ್ಸಿನ್ಯಾಗ?”

ಅಜ್ಜ ಅತ್ತ ನೋಡದೆಯೇ, “ಹೊಡೀಲಿ ಬಿಡು, ನಾ ಅಂತೂ ಬಿಟ್ಟ ಬಾಳ ದಿನಾತು” ಎಂದ. ಆಯಿ ಅವನ ತುಟಿ ಓದಿದಳೋ ಇಲ್ಲವೋ ಗೊತ್ತಿಲ್ಲ, ಸೆರಗಿನಲ್ಲಿ ನಕ್ಕಳು.

ಆಮೇಲೆ ಬದಲಿಸಿದೆ. ತೆರೆದಾಗ ಪುಟ ಒಂದು ಲೆಕ್ಕ ಹಾಕುತ್ತದೆ: ಈಗೆಷ್ಟು ಹೊತ್ತು, ಇಂದಿನ ರೋಜಾ ಬಿಡುವ ಹೊತ್ತು ಎಷ್ಟು, ನಡುವೆ ಎಷ್ಟು ಉಳಿಯಿತು. ಅಷ್ಟೂ ಹೊತ್ತು ಅಲ್ಲಾಡದೆ ಕಾದು, ಸರಿಯಾಗಿ ಆ ಘಳಿಗೆಗೆ ಒಂದೇ ಒಂದು ಸಲ ಹೊಸದಾಗಿ ತೆರೆದುಕೊಳ್ಳುತ್ತದೆ. ಒಮ್ಮೆ ಬಿಳಿ, ಆಮೇಲೆ ಹಸಿರು. ಆಯಿಗೆ ಇದು ಒಪ್ಪಿಗೆಯಾಯಿತು. ಇಡೀ ದಿನ ಸುಮ್ಮನಿದ್ದು ಒಂದೇ ಮಾತಾಡುವ ವಸ್ತು ನನಗೂ ಹಿಡಿಸಿತು. ಅದರಲ್ಲಿದ್ದ ಕುಂದು ಒಂದೇ. ಈಗೆಷ್ಟು ಹೊತ್ತು ಎಂದು ಪುಟ ಕೇಳುವುದು ಫೋನನ್ನು. ಫೋನಿನ ಗಡಿಯಾರ ತಪ್ಪಿದ್ದರೆ ಪುಟವೂ ತಪ್ಪುತ್ತದೆ. ಇದು ನನಗೆ ಗೊತ್ತಿತ್ತು. ಫೋನಿನ ಗಡಿಯಾರವನ್ನು ಯಾರು ಮುಟ್ಟುತ್ತಾರೆ ಎಂದುಕೊಂಡೆ.

ಹದಿನೇಳು ದಿನ ಸರಿಯಾಗಿ ನಡೆಯಿತು. ಹದಿನೆಂಟನೆಯ ದಿನ ಭಾನುವಾರ. ನಾನು ಅಪ್ಪ ಅಮ್ಮನನ್ನು ನೋಡಿ ಬರಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಮರಳಿ ಬರುವ ಬಸ್ಸು ತಡವಾಗಿ ಬಿಟ್ಟಿತು. ಶಿರಹಟ್ಟಿ ದಾಟಿದಾಗ ಆರು ಗಂಟೆ ಎಂಟು ನಿಮಿಷ. ಅಜ್ಜನ ಫೋನು ಬಂತು.

“ನೂರೀ, ನಿನ್ನ ಫೋನ್ ಸತ್ತಿತ್ತು ನೋಡವಾ.”

“ಯಾವ ಫೋನ್ ಅಜ್ಜಾ?”

“ಅದನ, ಗೂಡಿನ್ಯಾಗಿಂದು. ಕಸಾ ಹೊಡಿಯೂಮುಂದ ವೈರ್ ಕಿತ್ತಿತ್ತು ಕಾಣ್ತೈತಿ. ಮಧ್ಯಾಹ್ನ ನೋಡಿದ್ರ ಪೂರಾ ಕರ್ರಗ. ನಾನ ಹಚ್ಚಿ ಚಾಲೂ ಮಾಡೀನಿ. ಒಂದೂವರಿ ತಾಸ ಆತು. ಗುರುತು ಒತ್ತೀನಿ, ಕೆಂಪ ಬಂದೈತಿ.”

“ಶಾಣ್ಯಾ ಅದಿ ಅಜ್ಜಾ.”

“ಮತ್ತ? ತಾರೀಖು ಕೇಳ್ತು, ಕೊಟ್ಟೆ. ಟೈಮ್ ಕೇಳ್ತು, ಕೊಟ್ಟೆ. ನೀ ಎರಡ ವರ್ಷ ಕಲ್ತದ್ದು ನಾ ಎರಡ ನಿಮಿಷದಾಗ ಕಲ್ತೀನಿ.”

ನಾನು ನಗುತ್ತಲೇ ಕೇಳಿದೆ, “ತಾರೀಖು ಸರಿ ಕೊಟ್ಟಿಯಿಲ್ಲೋ?”

“ಕ್ಯಾಲೆಂಡರ್ ನೋಡಿ ಕೊಟ್ಟೆ.”

“ಟೈಮು?”

“ಗ್ವಾಡಿ ನೋಡಿ ಕೊಟ್ಟೆ.”

ನಗು ಅರ್ಧಕ್ಕೆ ನಿಂತಿತು. “ಅಜ್ಜಾ, ಮನಿ ಟೈಮ್ ಕೊಟ್ಟಿ? ಊರ ಟೈಮ್ ಕೊಟ್ಟಿ?”

“ಏನ? ಕೇಳವಲ್ದು. ಮಸೀದಿ ಬಾಗಲಕ್ಕ ಬಂದೀನಿ, ಬಂದ್ ಮಾಡ್ತೀನಿ. ಬಸ್ಸಿನ್ಯಾಗ ಖಜೂರ ತಿನ್ನು, ಮರೀಬ್ಯಾಡ.”

ಮತ್ತೆ ಹಚ್ಚಿದರೆ ಸ್ವಿಚ್ ಆಫ್ ಎಂದಿತು. ಮಸೀದಿಯ ಬಾಗಿಲಲ್ಲಿ ಅಜ್ಜ ಫೋನ್ ಬಂದ್ ಮಾಡಿದರೆ ಮತ್ತೆ ತೆಗೆಯುವುದು ಮನೆಗೆ ಬಂದ ಮೇಲೆ.

ಅಂದಿನ ಹೊತ್ತು ಕಾರ್ಡಿನಲ್ಲಿ ಆರು ಮೂವತ್ನಾಲ್ಕು. ಫೋನು ಹತ್ತು ನಿಮಿಷ ಮುಂದಿದ್ದರೆ ಆರು ಇಪ್ಪತ್ನಾಲ್ಕಕ್ಕೇ ಪುಟ ಹಸಿರಾಗುತ್ತದೆ, ಸೂರ್ಯ ಇನ್ನೂ ಮುಳುಗಿರದ ಹೊತ್ತಿಗೆ. ಆಯಿ ನನ್ನನ್ನು ನಂಬಿ ಖಜೂರ ಬಾಯಿಗಿಡುತ್ತಾಳೆ. ಹೋದ ವರ್ಷ ಅವಳನ್ನು ತಪ್ಪಿಸಿದ್ದು ಪಕ್ಕದ ಮನೆಯ ದೀಪ. ಈ ವರ್ಷ ತಪ್ಪಿಸುವುದು ನಾನು.

ಹದಿನಾರು ನಿಮಿಷವಿತ್ತು. ಆಯಿ ಒಬ್ಬಳೇ ಇರುವ ಮನೆಗೆ ಫೋನ್ ಮಾಡಿ ಉಪಯೋಗವಿಲ್ಲ. ದ್ರಾಕ್ಷಾಯಣಿ ಕಾಕುವಿಗೆ ಹಚ್ಚಿದೆ. ಪೂರ್ತಿ ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದೆ. ಆಗ ನೆನಪಾಯಿತು, ಅವಳು ಸಂಜೆ ಏಳರ ತನಕ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿರುತ್ತಾಳೆ. ಮಗ್ಗ ನಡೆಯುವಾಗ ಆ ಮನೆಯಲ್ಲಿ ಎದುರು ನಿಂತು ಕೂಗಿದರೂ ಕೇಳುವುದಿಲ್ಲ. ಒಂದು ಗೋಡೆ, ಆಚೆಗೆ ಸದ್ದಿನಿಂದಾಗಿ ಏನೂ ಕೇಳದ ಮನೆ, ಈಚೆಗೆ ಸದ್ದೇ ಇಲ್ಲದೆ ಏನೂ ಕೇಳದ ಮನೆ. ನಾನು ಆರು ಸಲ ಹಚ್ಚಿದೆ. ಮೆಸೇಜು ಬರೆದೆ. ಅವಳು ಅದನ್ನು ನೋಡುವುದು ರಾತ್ರಿ ಊಟವಾದ ಮೇಲೆ ಎಂದು ಗೊತ್ತಿದ್ದೂ ಬರೆದೆ.

ಆರು ಇಪ್ಪತ್ನಾಲ್ಕಾಯಿತು.

ಪಡುವಣದ ಕಿಟಕಿಯಲ್ಲಿ ಸೂರ್ಯ ಇನ್ನೂ ಪೂರ್ತಿ ದುಂಡಗಿದ್ದ. ಹೊಲಗಳ ಮೇಲೆ ಅಷ್ಟು ಬೆಳಕಿತ್ತು. ಅದನ್ನು ನೋಡುತ್ತ ನಾನು ಗೂಡಿನಲ್ಲಿ ಒಮ್ಮೆ ಬಿಳಿ, ಆಮೇಲೆ ಹಸಿರು ಎಂದುಕೊಂಡೆ. ಆಯಿ ‘ಬಿಸ್ಮಿಲ್ಲಾ’ ಎನ್ನುವಾಗ ಅವಳ ತುಟಿ ಮಾತ್ರ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ತನ್ನ ದನಿ ತನಗೆ ಕೇಳದ ಮೇಲೆ ಅವಳು ಅದನ್ನು ಎಷ್ಟೋ ಕಡೆ ಬಿಟ್ಟುಬಿಟ್ಟಿದ್ದಾಳೆ.

ಅವಳಿಗೆ ಹೇಳಬೇಕೋ ಬೇಡವೋ ಎಂಬ ಯೋಚನೆ ಆಮೇಲೆ ಬಂತು. ಹೇಳದಿದ್ದರೆ ಅವಳಿಗೆ ಗೊತ್ತಾಗುವುದೇ ಇಲ್ಲ. ನಾನು ಫೋನಿನ ಗಡಿಯಾರ ಸರಿಪಡಿಸಿಟ್ಟರೆ ಮುಗಿಯಿತು. ಆದರೆ ಅವಳ ಲೆಕ್ಕದ ಒಂದು ರೋಜಾವನ್ನು ನಾನು ಬಚ್ಚಿಟ್ಟುಕೊಂಡಂತಾಗುತ್ತದೆ. ಹೇಳಿದರೆ ಅವಳು ಮತ್ತೆ ಯಾರ ಕೈಗಾಗಿಯೋ ಕಾಯುತ್ತ ಕೂರುತ್ತಾಳೆ. ಎರಡನ್ನೂ ಹಿಂದೆಮುಂದೆ ತೂಗುತ್ತಿದ್ದಾಗ ದಾರಿಯ ಹಳ್ಳಿಯೊಂದರ ಮಸೀದಿಯಿಂದ ಆಜಾನ್ ಕೇಳಿಸಿತು. ಚೀಲದಿಂದ ಖಜೂರ ತೆಗೆದೆ. ಅದು ಕೈಯಲ್ಲೇ ಉಳಿಯಿತು.

ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಟಿಕೆಟ್ ತೆಗೆಸುವಾಗ ಕಂಡಕ್ಟರ್ ಅವಳನ್ನು ಅಮೃತವ್ವ ಎಂದು ಕರೆದಿದ್ದ, ಗುರುತಿನವಳಿರಬೇಕು. ನನ್ನ ಕೈಯನ್ನೇ ನೋಡುತ್ತಿದ್ದಳು.

“ಕೂಗಿದ್ರಲ್ಲವಾ. ತಿನ್ನು.”

“ಹೂಂ, ತಿಂತೀನ್ರಿ.”

“ಹಿಡ್ಕೊಂಡ ಕುಂತ್ರ ಅದೇನ ದೊಡ್ಡದಾಗ್ತೈತೇನು?”

ಅವಳು ತನ್ನ ನೀರಿನ ಬಾಟಲಿಯ ಮುಚ್ಚಳ ತಿರುವಿ ನನ್ನ ಕಡೆ ಹಿಡಿದಳು. “ನೀರರೆ ಕುಡಿ. ಸಿಟ್ಟು ಯಾರ ಮ್ಯಾಲರೆ ಇರಲಿ, ಗಂಟಲೇನ ಮಾಡೈತಿ?” ನೀರು ಕುಡಿದು ರೋಜಾ ಬಿಟ್ಟೆ. ಖಜೂರ ಮಾತ್ರ ಒಳಗೆ ಹೋಗಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಗದಗಿನಲ್ಲಿ ಇಳಿದೆ, ಆಟೋ ಹತ್ತಿದೆ.

ಮನೆಗೆ ಬಂದಾಗ ಏಳೂಕಾಲು, ಊರ ಟೈಮು. ಅಜ್ಜ ಆಗಲೇ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ನಾನು ಅವನನ್ನು ದಾಟಿ ಒಳಗೆ ಹೋದೆ. ಗೂಡಿನಲ್ಲಿ ಪುಟ ಹಸಿರಾಗಿತ್ತು. ಫೋನಿನ ಮೂಲೆಯಲ್ಲಿ ಏಳು ಇಪ್ಪತ್ತೈದು. ಹಿಂತಿರುಗಿ ಗೋಡೆ ಗಡಿಯಾರ ನೋಡಿದೆ. ಅಲ್ಲೂ ಏಳು ಇಪ್ಪತ್ತೈದು. ನಾನು ತಪ್ಪು ತಿಳಿದಿರಬಹುದು ಎಂಬ ಕೊನೆಯ ಆಸೆಯೂ ಹೋಯಿತು. ಆಯಿಯ ಮುಂದಿನ ತಾಟಿನಲ್ಲಿ ಒಂದು ಖಜೂರದ ಬೀಜವಿತ್ತು.

ಅವಳು ತಲೆ ಎತ್ತಿದಳು. “ಯಾಕ ಮಾರಿ ಹಿಂಗ ಮಾಡ್ಕೊಂಡಿ? ಬಸ್ಸಿನ್ಯಾಗ ಪರ್ಸ್ ಕಳದಿ?”

ನಾನು ಎದುರು ಕೂತು, ಅವಳು ಓದಲೆಂದು ನಿಧಾನವಾಗಿ ಕೇಳಿದೆ. “ರೋಜಾ ಯಾವಾಗ ಬಿಟ್ಟಿ ಆಯಿ?”

“ಹೊತ್ತಿಗಿ.”

“ಹಸರ ಬಂದಕೂಡ್ಲೆ?”

“ಹಸರ ಬಂದಕೂಡ್ಲೆ ಬಿಡ್ತಾರೇನು?” ಎಂದಳು. “ನಿನ್ನ ಹಸರ ಇವತ್ತ ಜಲ್ದಿ ಬಂತು.”

ನನಗೆ ಅರ್ಥವಾಗಲಿಲ್ಲ. ಆಯಿ ಬೆರಳೆತ್ತಿ ಗಡಿಯಾರ ತೋರಿಸಿದಳು.

“ನಿನ್ನೆ ಹಸರ ಆದಾಗ ದೊಡ್ಡ ಮುಳ್ಳು ಒಂಬತ್ತರ ಹತ್ರ ಇತ್ತು. ಮೊನ್ನೆನೂ ಅಲ್ಲೇ. ಹದಿನೇಳ ದಿನ ನೋಡೀನಿ, ಅದು ಒಂಚೂರ ಒಂಚೂರ ಮುಂದ ಸರಿತೈತಿ. ಇವತ್ತ ಏಳಕ್ಕ ಬಂದಾಗನ ಹಸರಾತು. ಹಿಂದ ಹೆಂಗ ಬರ್ತೈತಿ? ಖಜೂರ ಕೈಯಾಗ ತಗೊಂಡಿದ್ದೆ, ತಾಟಿನ್ಯಾಗ ಇಟ್ಟೆ. ಮುಳ್ಳು ಒಂಬತ್ತು ದಾಟೂತನಕ ಕುಂತೆ. ಆಮ್ಯಾಲೆ ತಿಂದೆ.”

ಗೋಡೆಯ ಮುಳ್ಳು ಒಂಬತ್ತು ದಾಟುವುದೆಂದರೆ ಊರಿನ ಆರು ಮೂವತ್ತೈದು ಕಳೆದ ಮೇಲೆ. ಮನಸ್ಸಿನಲ್ಲೇ ಎರಡು ಸಲ ಕಳೆದು ನೋಡಿದೆ. ಒಂದು ನಿಮಿಷ ತಡ. ಬೇಗವಲ್ಲ, ತಡ.

“ನಿಂಗ ಮೊದಲ ಸಂಶೆ ಬಂದಿತ್ತೇನು?”

“ನಿಮ್ಮಜ್ಜ ಗ್ವಾಡಿ ನೋಡಿಕೋತ ನಿನ್ನ ಫೋನ್ ಒತ್ತಾಕತ್ತಿದ್ದ. ಮಧ್ಯಾಹ್ನನ ನೋಡಿದೆ. ಏನರೆ ಗದ್ಲ ಮಾಡ್ತಾನ ಅನ್ಕೊಂಡೆ.”

“ಹೇಳಬೇಕಿಲ್ಲೇನು ಅವಗ?”

“ಹೇಳಿದೆ. ‘ಅದು ಮನಿ ಟೈಮ್’ ಅಂದೆ. ಹೂಂ ಹೂಂ ಅಂದ.” ಆಯಿ ಬಾಗಿಲ ಕಡೆ ನೋಡಿದಳು. ಅಜ್ಜ ಚಹಾದ ಬಟ್ಟಲು ಹಿಡಿದು ಅಲ್ಲಿ ಬಂದು ನಿಂತಿದ್ದ. “ಈ ಮನ್ಯಾಗ ಕೆಪ್ಪಿ ನಾನಂತ. ಕೇಳು ಅವನ್ನ, ಯಾರಂತ.”

ಅಜ್ಜನಿಗೆ ವಿಷಯ ತಿಳಿಯಲು ಒಂದು ನಿಮಿಷ ಬೇಕಾಯಿತು. ತಿಳಿದ ಮೇಲೆ ಬಟ್ಟಲನ್ನು ನೆಲದ ಮೇಲಿಟ್ಟ. “ನಾ ಬರೇ ಮುಳ್ಳ ನೋಡಿದೆನವಾ,” ಎಂದ ನನಗೆ, ಮೆಲ್ಲಗೆ. “ಬಸ್ಸಿಗೆ ಹೋಗೂದಿದ್ರ ಕಳೀತಿದ್ದೆ. ಫೋನಿಗೆ ಕಳೀಬೇಕಂತ ತಲಿಗೇ ಬರಲಿಲ್ಲ.” ಆಮೇಲೆ ಆಯಿಯ ಎದುರು ಬಂದು, ಅವಳಿಗೆ ಕಾಣುವಂತೆ ಬಾಯಿ ದೊಡ್ಡದಾಗಿ ತೆರೆದು, “ತಪ್ಪಾತು” ಎಂದ.

“ಏನಂದಿ? ಕೇಳವಲ್ದು” ಎಂದಳು ಆಯಿ.

ಅಜ್ಜ ಮತ್ತೊಮ್ಮೆ ಹೇಳಿದ. ಅವಳು ಮತ್ತೊಮ್ಮೆ ಕೇಳವಲ್ದು ಎಂದಳು. ಆಗ ನಾನು ನಕ್ಕೆ. ನಗು ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬಂತು. ಎದೆಯ ಮೇಲೆ ಶಿರಹಟ್ಟಿಯಿಂದ ಹೊತ್ತು ತಂದದ್ದು ಎಲ್ಲಿ ಇಳಿಯಿತೋ ಗೊತ್ತಾಗಲಿಲ್ಲ. ಒಮ್ಮೆಲೇ ಹಸಿವು ತಿಳಿಯಿತು, ಬೆಳಗಿನಿಂದ ಇಲ್ಲದ್ದು. ಮುಷ್ಟಿ ಬಿಚ್ಚಿದೆ. ಖಜೂರ ಬೆವರಿನಲ್ಲಿ ಅಂಗೈಗೆ ಅಂಟಿ ಚಪ್ಪಟೆಯಾಗಿತ್ತು. ಆಯಿ ಅದನ್ನು ಬಿಡಿಸಿ ನೋಡಿ, “ಇದನ್ನ ಬಸ್ಸಿನಿಂದ ಹಿಂಗ ಹಿಡ್ಕೊಂಡ ಬಂದಿ?” ಎಂದು ಬೀಜ ತೆಗೆದು ನನ್ನ ಬಾಯಿಗಿಟ್ಟಳು.

ಹೊರಗೆ ದ್ರಾಕ್ಷಾಯಣಿ ಕಾಕುವಿನ ಮಗ್ಗ ನಿಂತಿತ್ತು. ಸ್ವಲ್ಪ ಹೊತ್ತಿಗೆ ಅವಳೇ ಓಡಿ ಬಂದಳು, ಕೈಯಲ್ಲಿ ಫೋನು. “ಆರ ಸಲ ಹಚ್ಚಿಯಲ್ಲ ನೂರೀನ, ಏನಾತ? ಯಾರಿಗರೆ ಏನರೆ ಆತೇನು?”

“ಏನೂ ಆಗಿಲ್ಲ ಕಾಕು,” ಎಂದೆ. ಹಾಗೆ ಹೇಳಲು ಎಷ್ಟು ಹಿತವಾಗಿತ್ತೆಂದರೆ ಇನ್ನೊಮ್ಮೆ ಹೇಳಿದೆ. “ಏನೂ ಆಗಿಲ್ಲ.”

ಊಟವಾದ ಮೇಲೆ ಫೋನಿಗೆ ಊರ ಟೈಮು ಹಚ್ಚಿದೆ. ಪುಟವನ್ನೂ ಸ್ವಲ್ಪ ತಿದ್ದಿದೆ. ಕೆಂಪಿರಲಿ ಹಸಿರಿರಲಿ, ನಡುವೆ ಈಗ ಫೋನಿನ ಹೊತ್ತು ದಪ್ಪ ಅಂಕಿಯಲ್ಲಿ ಓಡುತ್ತಿರುತ್ತದೆ, ಅದು ತಪ್ಪಿದರೆ ಯಾರಾದರೂ ಹಿಡಿಯಲೆಂದು. ಆಮೇಲೆ ಸ್ಟೂಲು ತಂದು ಗೋಡೆ ಗಡಿಯಾರದ ಕೆಳಗಿಟ್ಟೆ. ಇಷ್ಟೆಲ್ಲಕ್ಕೂ ಕಾರಣ ಅದೇ, ಹತ್ತು ನಿಮಿಷ ಹಿಂದಕ್ಕೆ ತಂದರೆ ಮುಗಿಯಿತು ಎಂದುಕೊಂಡಿದ್ದೆ. ಆಯಿ ಬಂದು ಸ್ಟೂಲಿನ ಕಾಲು ಹಿಡಿದಳು.

“ಅದನ್ನ ಮುಟ್ಟಬ್ಯಾಡ. ಅದರ ಸುಳ್ಳು ನಂಗ ಗೊತ್ತೈತಿ. ಖರೆ ಹೇಳಾಕ ಹತ್ತಿದ್ರ ಮತ್ತ ಮೊದಲಿಂದ ಕಲೀಬೇಕು.”

ನಾನು ಇಳಿದೆ.

ಮರುದಿನ ಕೆಲಸದಿಂದ ಬೇಗ ಬಂದೆ. ಅಜ್ಜ ಮಸೀದಿಗೆ ಹೋಗುವ ಮುಂಚೆ ಫೋನಿನ ವೈರನ್ನು ಎರಡು ಸಲ ಒತ್ತಿ ನೋಡಿ ಹೋದ. ಆಯಿ ಫೋನನ್ನು ಗೂಡಿನಿಂದ ತೆಗೆಸಿ ಗಡಿಯಾರದ ಕೆಳಗೆ, ಎರಡೂ ಒಟ್ಟಿಗೆ ಕಾಣುವಂತೆ ಇಡಿಸಿದ್ದಳು. ನಾನು ಅವಳ ಪಕ್ಕದಲ್ಲಿ ಕೂತೆ. ಗೋಡೆಯಾಚೆಗೆ ಮಗ್ಗ ಬಡಿಯುತ್ತಿತ್ತು. ನನಗೆ ಕೇಳುತ್ತಿತ್ತು, ಅವಳಿಗೆ ಇಲ್ಲ. ಆದರೆ ಅವಳು ಸುಮ್ಮನೆ ಕೂತಿಲ್ಲ ಎಂದು ಈಗ ನನಗೆ ಗೊತ್ತಿತ್ತು. ಅವಳ ಕಣ್ಣು ಪುಟದಿಂದ ಮುಳ್ಳಿಗೆ, ಮುಳ್ಳಿನಿಂದ ಪುಟಕ್ಕೆ ಹೋಗಿ ಬರುತ್ತಿತ್ತು.

ಪುಟ ಒಮ್ಮೆ ಬೆಳ್ಳಗಾಗಿ ಹಸಿರಾಯಿತು. ಅದೇ ಹೊತ್ತಿಗೆ ಆಜಾನ್ ಶುರುವಾಯಿತು. ನನ್ನ ಕೈ ಅವಳ ಹೆಗಲ ಕಡೆಗೆ ಎದ್ದದ್ದು ಅರ್ಧದಲ್ಲೇ ನಿಂತಿತು. ಆಯಿ ಗಡಿಯಾರ ನೋಡಿದಳು, ಫೋನಿನ ಅಂಕಿ ನೋಡಿದಳು.

“ಇಬ್ಬರದೂ ಹತ್ತ ನಿಮಿಷದ ಜಗಳ ಐತಿ,” ಎಂದಳು. “ಸರಿ ಐತಿ.”

ಖಜೂರ ಬಾಯಿಗಿಟ್ಟುಕೊಂಡಳು.